ಸಾಧು ದೆವ್ವ: ಕಲಬುರಗಿ ಸೀಮೆಯ ಮಕ್ಕಳ ಕಥೆಗಳಲ್ಲಿ

ಹೆದರಿಸಲು ಬಂದು ತಾನೇ ಹೆದರಿ ಓಡುವ, ತಿನ್ನುತ್ತೇನೆಂದು ಬಂದು ಮನೆಯ ಆಳಾಗಿ ದುಡಿಯುವ, ಒಂಟಿತನ ತಾಳಲಾರದೆ ಮಕ್ಕಳ ಗೆಳೆತನ ಬೇಡುವ ದೆವ್ವಗಳ ಕಥೆ ಮಕ್ಕಳ ಸಾಹಿತ್ಯದ ಒಂದು ಪ್ರಕಾರ. ಚಿತ್ರಪುಸ್ತಕವಾಗಿ ಅದು ಇಪ್ಪತ್ತನೆಯ ಶತಮಾನದ್ದು, ಬಾಯಿಮಾತಿನ ಕಥೆಯಾಗಿ ಬಹಳ ಹಿಂದಿನದು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ದೆವ್ವದ ಭಯ ಇಂದಿಗೂ ಮನೆಗಳನ್ನು ಕದಡುತ್ತದೆ. ಹೀಗಾಗಿ ನಗಿಸುವ ದೆವ್ವಕ್ಕೆ ಇಲ್ಲಿ ಬೇರೆಡೆಗಿಂತ ಹೆಚ್ಚು ತೂಕವಿದೆ. ಈ ಪ್ರಕಾರವನ್ನು ಇಂಗ್ಲಿಷ್ ಪುಸ್ತಕಗಳಿಂದ ಬಂದ ಸರಕೆಂದು ನೋಡುವುದು ತಪ್ಪು. ಕಥೆ ಹೇಳುವ ಪಿಶಾಚಿ ಈ ನೆಲಕ್ಕೆ ಹೊಸಬನಲ್ಲ.

ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ತೀರದ ಸನ್ನತಿಗೆ ಹತ್ತಿರದ ಕನಗನಹಳ್ಳಿಯಲ್ಲಿ, 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಬೌದ್ಧ ಸ್ತೂಪವೊಂದು ಹೊರಬಂತು. ಅದರ ಸುಣ್ಣಕಲ್ಲಿನ ಫಲಕಗಳಲ್ಲಿ ಜಾತಕ ಕಥೆಗಳನ್ನು ಕೆತ್ತಿದ್ದಾರೆ. ಹಲವು ಫಲಕಗಳಲ್ಲಿ ಚಿತ್ರದ ಜೊತೆಗೆ ಬ್ರಾಹ್ಮಿ ಲಿಪಿಯ ಪುಟ್ಟ ವಿವರಣೆಯೂ ಇದೆ. ಅಶೋಕನ ಹೆಸರು ಬರೆದ ಪ್ರಸಿದ್ಧ ಶಿಲ್ಪ ದೊರೆತದ್ದು ಇಲ್ಲಿಯೇ. ಸಾತವಾಹನ ಅರಸರ ಹೆಸರುಗಳೂ ಇಲ್ಲಿವೆ. ಚಿತ್ರ ನೋಡುತ್ತ, ಕೆಳಗಿನ ಸಾಲು ಓದುತ್ತ ಕಥೆಯನ್ನು ತಿಳಿಯುವ ಕ್ರಮ ಈ ಸೀಮೆಯಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯದು.

ಅದೇ ಸಾತವಾಹನರ ಆಸ್ಥಾನಕ್ಕೆ ಪರಂಪರೆ ಗುಣಾಢ್ಯನನ್ನು ಸೇರಿಸುತ್ತದೆ. ಕಾಣಭೂತಿ ಎಂಬ ಪಿಶಾಚಿಯಿಂದ ಕಥೆಗಳನ್ನು ಕೇಳಿದ ಗುಣಾಢ್ಯ ಅವನ್ನು ಪೈಶಾಚಿ ಭಾಷೆಯಲ್ಲಿ ತನ್ನ ರಕ್ತದಿಂದಲೇ ಬರೆದ. ಅರಸ ಆ ಕೃತಿಯನ್ನು ತಿರಸ್ಕರಿಸಿದಾಗ ಕಾಡಿನಲ್ಲಿ ಕುಳಿತು ಪ್ರಾಣಿಗಳಿಗೆ ಓದಿ ಹೇಳುತ್ತ ಒಂದೊಂದೇ ಹಾಳೆಯನ್ನು ಬೆಂಕಿಗೆ ಹಾಕಿದ. ಕೊನೆಗೆ ಉಳಿದದ್ದು ಏಳರಲ್ಲೊಂದು ಪಾಲು. ಬೃಹತ್ಕಥೆಯ ಹುಟ್ಟಿನ ಐತಿಹ್ಯವಿದು. ಸುಮಾರು 1031ರಲ್ಲಿ ಕಲ್ಯಾಣ ಚಾಲುಕ್ಯ ಅರಸ ಎರಡನೆಯ ಜಯಸಿಂಹನ ಸಂಧಿವಿಗ್ರಹಿ (ಯುದ್ಧ, ಸಂಧಿಗಳ ಮಂತ್ರಿ) ಆಗಿದ್ದ ದುರ್ಗಸಿಂಹ ಕನ್ನಡ ಪಂಚತಂತ್ರವನ್ನು ರಚಿಸಿದಾಗ ತನ್ನ ಕಥೆಗಳ ಮೂಲವನ್ನು ವಸುಭಾಗಭಟ್ಟನ ಸಂಸ್ಕೃತ ಪಂಚತಂತ್ರದ ಮೂಲಕ ಗುಣಾಢ್ಯನಿಗೇ ಒಯ್ದು ಮುಟ್ಟಿಸಿದ. ಕಾಶ್ಮೀರದ ಸೋಮದೇವ ಅದೇ ಶತಮಾನದಲ್ಲಿ ಬೃಹತ್ಕಥೆಯನ್ನು ಆಧರಿಸಿ ಬರೆದ ಕಥಾಸರಿತ್ಸಾಗರದಲ್ಲಿ ಬೇತಾಳನ ಇಪ್ಪತ್ತೈದು ಕಥೆಗಳಿವೆ. ಅಲ್ಲಿಯೂ ಕಥೆ ಹೇಳುವವನು ಹೆಣದೊಳಗೆ ಹೊಕ್ಕ ಭೂತವೇ. ಮಕ್ಕಳ ಸಾಧು ದೆವ್ವ ಈ ವಂಶದ್ದು: ಬಾಯಿ ತೆರೆದರೆ ಅದು ಕಚ್ಚುವುದಿಲ್ಲ, ಕಥೆ ಹೇಳುತ್ತದೆ.

ಗ್ರಂಥಗಳಿಂದಾಚೆ, ಅಂಗಳದ ಕಥೆಗಳಲ್ಲಿ ದೆವ್ವದ ಸ್ವಭಾವ ಸ್ವಲ್ಪ ಬೇರೆ. ಅಲ್ಲಿ ಅದು ಬಲಶಾಲಿ, ಆದರೆ ದಡ್ಡ. ಕೆಲಸ ಕೊಡುತ್ತಲೇ ಇರಬೇಕು, ಇಲ್ಲವಾದರೆ ನಿನ್ನನ್ನೇ ತಿನ್ನುತ್ತೇನೆ ಎನ್ನುವ ಭೂತಕ್ಕೆ ನಾಯಿಯ ಬಾಲ ನೆಟ್ಟಗೆ ಮಾಡಲು ಹೇಳಿ ಬಚಾವಾದವನ ಕಥೆ ಕನ್ನಡದ ಮನೆಮನೆಯಲ್ಲೂ ಇದೆ. ಇನ್ನೊಂದರಲ್ಲಿ ಕ್ಷೌರಿಕನು ದೆವ್ವದ ಮುಖಕ್ಕೆ ಕನ್ನಡಿ ಹಿಡಿದು, ನಿನ್ನಂಥವನೊಬ್ಬನನ್ನು ಆಗಲೇ ಚೀಲದಲ್ಲಿ ಹಾಕಿಕೊಂಡಿದ್ದೇನೆ ಎನ್ನುತ್ತಾನೆ. ಲಾಲ್ ಬಿಹಾರಿ ಡೇ ಇದರ ಬಂಗಾಳಿ ರೂಪವನ್ನು 1883ರ ತಮ್ಮ ಸಂಗ್ರಹದಲ್ಲಿ ಅಚ್ಚು ಹಾಕಿಸಿದರು. ಜಗಳಗಂಟಿ ಹೆಂಡತಿಗೆ ಹೆದರಿ ಮರ ಬಿಟ್ಟೋಡಿದ ಬ್ರಹ್ಮರಾಕ್ಷಸನ ಕಥೆಯೂ ಹಬ್ಬಿದೆ. ಅದರ ನಗು ಹೆಂಗಸರ ಖರ್ಚಿನಲ್ಲಿ ಹುಟ್ಟುವುದರಿಂದ ಇಂದಿನ ಮಕ್ಕಳ ಪುಸ್ತಕ ಅದನ್ನು ಬಿಟ್ಟರೆ ನಷ್ಟವೇನಿಲ್ಲ.

ಸೇಡಂ, ಚಿಂಚೋಳಿಗಳು ತೆಲಂಗಾಣದ ಗಡಿಗೆ ಅಂಟಿಕೊಂಡಿವೆ. ಕನ್ನಡ, ತೆಲುಗು, ದಖನಿ ಉರ್ದು, ತಾಂಡಾಗಳ ಲಂಬಾಣಿ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ದೆವ್ವದ ಕಥೆಗೆ ಈ ಭಾಷೆಗಳ ನಡುವೆ ಸುಂಕದ ಕಟ್ಟೆಯಿಲ್ಲ. ಹುಣಚಿ ಗಿಡ, ಹಾಳು ಬಾವಿ, ನೀರು ನಿಂತ ಫರಸಿ ಕಲ್ಲಿನ ಖಣಿ, ಹೀಗೆ ಮಕ್ಕಳು ಹೋಗಬಾರದ ಕಡೆಯಲ್ಲೆಲ್ಲ ದೊಡ್ಡವರು ಒಂದು ದೆವ್ವವನ್ನು ಕಾವಲಿಗೆ ಕೂರಿಸುತ್ತಾರೆ. ಊಟ ಮಾಡದ ಮಗುವಿಗಾಗಿ ಬರುವ ಗುಮ್ಮ ಇನ್ನೂ ಚಿಕ್ಕ ಅಧಿಕಾರಿ. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣ ತಾಯಿಯನ್ನು ಬೇಡಿಕೊಳ್ಳುವ ಪುರಂದರದಾಸರ ಕೀರ್ತನೆ ಹದಿನಾರನೆಯ ಶತಮಾನದ್ದು. ಲೋಕವನ್ನೇ ಕಾಯುವವನು ಗುಮ್ಮನಿಗೆ ಅಂಜುವ ಆ ಆಟದಲ್ಲಿ ಭಯ, ಮುದ್ದು, ನಗು ಮೂರೂ ಕೂಡಿವೆ. ಈ ಪ್ರಕಾರಕ್ಕೆ ಕನ್ನಡದಲ್ಲಿ ಅದಕ್ಕಿಂತ ಸುಂದರವಾದ ಮಾದರಿ ಸಿಗುವುದು ಕಷ್ಟ.

ಆದರೆ ಇಲ್ಲಿನ ದೆವ್ವ ಯಾವಾಗಲೂ ಆಟದ್ದಲ್ಲ. ಕಲಬುರಗಿ, ಬೀದರ್ ಭಾಗಗಳಲ್ಲಿ ಭಾನಾಮತಿ ಎಂಬ ಮಾಟದ ಭಯ ಊರುಗಳನ್ನೇ ಹಿಡಿದದ್ದುಂಟು. ಬಟ್ಟೆಗೆ ತಾನಾಗಿ ಬೆಂಕಿ ಹತ್ತಿತು, ಮನೆಯ ಮೇಲೆ ಕಲ್ಲು ಬಿತ್ತು, ಹೆಂಗಸರು ವಿಚಿತ್ರವಾಗಿ ಕೂಗಿದರು ಎಂಬ ಸುದ್ದಿ ಎದ್ದರೆ ಅದರ ಹಿಂದೆಯೇ ಯಾರ ಮೇಲಾದರೂ ಮಾಟದ ಆರೋಪ, ಹೊಡೆತ ಬರುತ್ತಿತ್ತು. ಮನೋವೈದ್ಯ ಸಿ.ಆರ್. ಚಂದ್ರಶೇಖರ್ ಇದನ್ನು ಅಧ್ಯಯನ ಮಾಡಿ ಮನಸ್ಸಿನ ಒತ್ತಡ ಮತ್ತು ಸಾಮಾಜಿಕ ಕಾರಣಗಳತ್ತ ಬೊಟ್ಟು ಮಾಡಿದರು. ‘ಗಾಳಿ ಆಗ್ಯದ’, ‘ದೆವ್ವ ಬಡಕೊಂಡದ’ ಎಂದು ಗಾಣಗಾಪುರದ ದತ್ತಾತ್ರೇಯ ಗುಡಿಗೆ ಕರೆದೊಯ್ಯುವುದು ಇನ್ನೂ ನಿಂತಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ನಡೆಯುವ ಹಿಂಸೆಯನ್ನು ತಡೆಯಲು 2017ರಲ್ಲಿ ಒಪ್ಪಿಗೆ ಪಡೆದ ರಾಜ್ಯದ ಕಾನೂನು 2020ರ ಜನವರಿಯಲ್ಲಿ ಜಾರಿಗೆ ಬಂತು. ಮಕ್ಕಳಿಗೆ ದೆವ್ವದ ಕಥೆಯೇ ಬೇಡ ಎನ್ನುವ ಶಿಕ್ಷಕರ ಆತಂಕ ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಆದರೂ ಆ ನಿಲುವು ಸರಿಯಲ್ಲ. ಕತ್ತಲೆಯ ಬಗ್ಗೆ ಮಗು ಹೇಗೂ ಕೇಳಿಯೇ ಕೇಳುತ್ತದೆ. ದೆವ್ವದ ಮುಂದೆ ತಾನೇ ಜಾಣನಾಗುವ ಕಥೆಯೊಂದು ಅದಕ್ಕೆ ಮೊದಲೇ ಸಿಕ್ಕಿರಬೇಕು.

ಅಚ್ಚಾದ ಕನ್ನಡ ಕಥೆ ಈ ತಾಲ್ಲೂಕುಗಳಿಗೆ ತಡವಾಗಿ ಬಂತು. ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಮಾಧ್ಯಮ ಉರ್ದು. ಕರಾವಳಿಯಲ್ಲಿ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಬರೆಯುತ್ತಿದ್ದಾಗ, 1936ರಲ್ಲಿ ಶಿವರಾಮ ಕಾರಂತರ ಬಾಲಪ್ರಪಂಚ ಬಂದಾಗ, ಇಲ್ಲಿನ ಬಹುಪಾಲು ಮಕ್ಕಳಿಗೆ ಕನ್ನಡದ ಓದೇ ದೂರವಿತ್ತು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದೊಂದಿಗೆ ಸೇರಿತು, 1956ರಲ್ಲಿ ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು.

ಆ ಹೊತ್ತಿಗೆ ಮದರಾಸಿನಿಂದ ಚಂದಮಾಮ ಹೊರಡುತ್ತಿತ್ತು. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈಯಲ್ಲಿ ತೆಲುಗು, ತಮಿಳಿನಲ್ಲಿ ಆರಂಭಿಸಿದ ಈ ಪತ್ರಿಕೆ ಆ ದಶಕ ಮುಗಿಯುವ ಮುನ್ನ ಕನ್ನಡದಲ್ಲೂ ಬಂತು. ಗಡಿಸೀಮೆಯ ಓದುಗನಿಗೆ ಕನ್ನಡದ ಸಂಚಿಕೆ ಸಿಕ್ಕರೂ ತೆಲುಗಿನದು ಸಿಕ್ಕರೂ ಬೇತಾಳ ಒಬ್ಬನೇ. ಸೋಮದೇವನ ಇಪ್ಪತ್ತೈದು ಕಥೆ ಮುಗಿದ ಮೇಲೂ ಸಂಪಾದಕರು ಹೊಸ ಕಥೆಗಳನ್ನು ಬೇತಾಳನ ಬಾಯಿಗೆ ಹಾಕಿ ದಶಕಗಳ ಕಾಲ ಸರಣಿಯನ್ನು ಎಳೆದರು. 1952ರಲ್ಲಿ ಚಂದಮಾಮ ಸೇರಿದ ಕಲಾವಿದ ಶಂಕರ್ (ಕೆ.ಸಿ. ಶಿವಶಂಕರನ್, 1924–2020) ಬರೆದ ಚಿತ್ರ ಮೂರು ತಲೆಮಾರಿನ ಕಣ್ಣಲ್ಲಿ ಉಳಿದಿದೆ: ಹಿರಿದ ಕತ್ತಿ, ಹೆಗಲ ಮೇಲೆ ಹೆಣ, ಸ್ಮಶಾನದ ದಾರಿ, ಸ್ವಲ್ಪವೂ ಅಳುಕದ ರಾಜ. ಬೇತಾಳ ಮಾಡುವುದೇನು? ಹೊತ್ತು ನಡೆಯುವವನ ದಣಿವಾರಿಸಲು ಕಥೆ ಹೇಳುತ್ತಾನೆ, ಕೊನೆಗೆ ಒಂದು ಪ್ರಶ್ನೆ ಕೇಳುತ್ತಾನೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುತ್ತದೆ, ಹೇಳಿದರೆ ಹೆಣ ಮತ್ತೆ ಮರಕ್ಕೆ ಹಾರುತ್ತದೆ. ನ್ಯಾಯ, ಅನ್ಯಾಯಗಳನ್ನು ಯೋಚಿಸಲು ಮಕ್ಕಳಿಗೆ ಕಲಿಸಿದ ಭೂತ ಇವನು. ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ 1965ರಲ್ಲಿ ಹೊರತಂದ ಅಮರ ಚಿತ್ರಕಥೆಯ ಮೊದಲ ಕನ್ನಡ ಪುಸ್ತಕಗಳು ಯುರೋಪಿನ ಕಿನ್ನರ ಕಥೆಗಳಾಗಿದ್ದವು. ಊರಿನ ದೆವ್ವಕ್ಕೆ ಅಲ್ಲಿ ಜಾಗವಿರಲಿಲ್ಲ.

ಹೊರಗಿನ ಜಗತ್ತಿನಲ್ಲಿ ದೆವ್ವ ಪುಟ್ಟದಾದದ್ದು ಇಪ್ಪತ್ತನೆಯ ಶತಮಾನದಲ್ಲೇ. 1944ರಲ್ಲಿ ಅಮೆರಿಕದ ರಾಬರ್ಟ್ ಬ್ರೈಟ್ ಬರೆದು ಚಿತ್ರಿಸಿದ ಜಾರ್ಜಿ ಎಂಬ ದೆವ್ವದ ಕೆಲಸ ರಾತ್ರಿ ಮೆಟ್ಟಿಲು, ಬಾಗಿಲುಗಳನ್ನು ಕಿರುಗುಟ್ಟಿಸುವುದು. ಯಜಮಾನ ಮೆಟ್ಟಿಲಿಗೆ ಮೊಳೆ ಹೊಡೆದು ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಟ್ಟಾಗ ಬಡಪಾಯಿಗೆ ಕೆಲಸವೇ ಹೋಗುತ್ತದೆ. ಜರ್ಮನ್ ಲೇಖಕ ಓಟ್‌ಫ್ರೀಡ್ ಪ್ರಾಯ್ಸ್‌ಲರ್ 1966ರಲ್ಲಿ ಸೃಷ್ಟಿಸಿದ ಪುಟ್ಟ ದೆವ್ವಕ್ಕೆ ಹಗಲು ನೋಡುವ ಆಸೆ. ಇವೆರಡಕ್ಕಿಂತ ಮೊದಲೇ, 1915ರಲ್ಲಿ, ಉಪೇಂದ್ರಕಿಶೋರ್ ರಾಯ್‌ಚೌಧುರಿ ಬಂಗಾಳದ ಸಂದೇಶ ಪತ್ರಿಕೆಯಲ್ಲಿ ಗೂಪಿ, ಬಾಘಾ ಎಂಬ ಬೇಸುರ ಕಲಾವಿದರಿಗೆ ಭೂತಗಳಿಂದ ವರ ಕೊಡಿಸಿದ್ದರು. ಮೊಮ್ಮಗ ಸತ್ಯಜಿತ್ ರಾಯ್ 1969ರಲ್ಲಿ ಅದನ್ನು ಚಲನಚಿತ್ರ ಮಾಡಿದರು.

1990ರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ. ತೆಲುಗು ನಾಡಿನಲ್ಲೂ ಇಂಥದೇ ಸಾಲು ಬರೆದರು. ವದಂತಿ ಭಯದ್ದೇ. ಆದರೆ ಅಕ್ಷರ ಕಲಿತ, ಹೇಳಿದ ಮಾತನ್ನು ಪಾಲಿಸುವ, ಪ್ರತಿ ರಾತ್ರಿ ಮೋಸಹೋಗುವ ಈ ದೆವ್ವ ಚಿತ್ರಪುಸ್ತಕಕ್ಕೆಂದೇ ಹುಟ್ಟಿದಂತಿದೆ. ನಾಯಿಬಾಲದ ಭೂತಕ್ಕೆ ಅದು ಹತ್ತಿರದ ಬಂಧು.

ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಅಗ್ಗದ ಚಿತ್ರಪುಸ್ತಕಗಳನ್ನು ಕನ್ನಡದಲ್ಲೂ ತಂದಿತು. 2015ರಲ್ಲಿ ಅದು ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕಥೆ, ಚಿತ್ರಗಳನ್ನು ಮುಕ್ತ ಪರವಾನಗಿಯಡಿ ಯಾರಾದರೂ ಅನುವಾದಿಸಿ, ತಮ್ಮ ಊರಿನ ಮಾತಿಗೆ ಒಗ್ಗಿಸಿ ಮತ್ತೆ ಬಳಸಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಸೇರಿಸುವ ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಶುರುವಾಯಿತು. ಸೇಡಂ ಮಾತಿನಲ್ಲೇ ದೆವ್ವವನ್ನು ಮಾತಾಡಿಸಲು ಶಿಕ್ಷಕರಿಗೆ ಈಗ ಪ್ರಕಾಶಕರ ದಾರಿ ಕಾಯಬೇಕಾಗಿಲ್ಲ.

ಚಿತ್ರಕಾರರಿಗೆ ಇಲ್ಲೊಂದು ಆಯ್ಕೆ ಎದುರಾಗುತ್ತದೆ. ಬಿಳಿ ದುಪ್ಪಟಿ ಹೊದ್ದ ದೆವ್ವ ಹೊರಗಿನದು. ಹಿಂದುಮುಂದಾದ ಪಾದ, ಕೆದರಿದ ಕೂದಲು, ಗಿಡದಿಂದ ಜೋತ ಕಾಲು ನಮ್ಮದು. ಹಿಂದಕ್ಕೆ ತಿರುಗಿದ ಪಾದವಂತೂ ನಗುವಿನ ಗಣಿ: ಹೆಜ್ಜೆಗುರುತು ನೋಡಿ ದೆವ್ವ ಹೋಯಿತೆಂದು ಮಗು ನೆಮ್ಮದಿಯಾಗುತ್ತದೆ, ಪುಟ ತಿರುಗಿಸಿದರೆ ಅದು ಎದುರಿಗೇ ನಿಂತಿರುತ್ತದೆ. ಆದರೆ ಜನಪದದಲ್ಲಿ ದೆವ್ವವಾಗುವವರಲ್ಲಿ ಹೆಚ್ಚಿನವರು ಬಾವಿಗೆ ಬಿದ್ದ, ಹೆರಿಗೆಯಲ್ಲಿ ಸತ್ತ, ಅನ್ಯಾಯಕ್ಕೊಳಗಾದ ಹೆಂಗಸರು. ಅವರನ್ನು ನಗೆಯ ಪಾತ್ರ ಮಾಡದೆ ಬ್ರಹ್ಮರಾಕ್ಷಸ, ಕೊಳ್ಳಿದೆವ್ವ, ಗುಮ್ಮ, ಬೇತಾಳರಂಥವರನ್ನು ಆರಿಸಿಕೊಳ್ಳುವುದೇ ಮಕ್ಕಳ ಪುಸ್ತಕಕ್ಕೆ ತಕ್ಕ ದಾರಿ.