ಶಾಸಕರ ಪತ್ರ ಮನೆಬಾಗಿಲಿಗೆ ಬಂದ ದಾರಿ

ಅಮೆರಿಕದಲ್ಲಿ ನೆಲೆಸಿರುವ ನಮ್ಮಲ್ಲಿ ಬಹುಮಂದಿಯ ಅಂಚೆಪೆಟ್ಟಿಗೆಗೆ ಆಗಾಗ ರಾಜ್ಯ ಶಾಸಕರ ಸುದ್ದಿಪತ್ರವೊಂದು ಬಂದು ಬೀಳುತ್ತದೆ. ಕೆಲವರಿಗೆ ಅದು ಇ-ಮೇಲ್ ಮೂಲಕ ಬರುತ್ತದೆ. ಈ ಅಧಿವೇಶನದಲ್ಲಿ ಯಾವ ಮಸೂದೆಗಳು ಅಂಗೀಕಾರವಾದವು, ಶಾಲೆಗಳಿಗೆ ಎಷ್ಟು ಹಣ ಮಂಜೂರಾಯಿತು, ಆಸ್ತಿ ತೆರಿಗೆಯ ರಿಯಾಯಿತಿಗೆ ಯಾವ ದಿನಾಂಕದೊಳಗೆ ಅರ್ಜಿ ಸಲ್ಲಿಸಬೇಕು, ಶಾಸಕರು ಯಾವ ಗ್ರಂಥಾಲಯದಲ್ಲಿ ಯಾವ ಸಂಜೆ ಜನರನ್ನು ಭೇಟಿಯಾಗುತ್ತಾರೆ ಎಂಬ ವಿವರಗಳು ಅದರಲ್ಲಿರುತ್ತವೆ. ಅಂಗಡಿಗಳ ರಿಯಾಯಿತಿ ಚೀಟಿಗಳ ಜೊತೆಯಲ್ಲಿ ಅದೂ ಕಸದ ಬುಟ್ಟಿಯನ್ನು ಸೇರುವುದೇ ಹೆಚ್ಚು. "ನಮಗೆ ಮತದಾನದ ಹಕ್ಕೇ ಇಲ್ಲ, ಇದು ನಮಗೆ ಬರೆದ ಪತ್ರವಲ್ಲ" ಎಂದು ವೀಸಾದ ಮೇಲೋ ಗ್ರೀನ್ ಕಾರ್ಡಿನ ಮೇಲೋ ಇರುವವರು ಹೇಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ಆ ಮಾತು ಸರಿಯೇ? ಉತ್ತರಕ್ಕಾಗಿ ಈ ಪತ್ರದ ಹಿಂದಿರುವ ಎರಡೂವರೆ ಶತಮಾನಗಳ ಇತಿಹಾಸವನ್ನು ನೋಡಬೇಕಾಗುತ್ತದೆ.

ಶಾಸನಸಭೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಜನರು ತಿಳಿಯಬೇಕು ಎಂಬ ವಿಚಾರ ಇಂದು ನಮಗೆ ಸಹಜವಾಗಿ ತೋರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಅದು ಹಾಗಿರಲಿಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟು ತನ್ನ ಚರ್ಚೆಗಳನ್ನು ಅಚ್ಚು ಹಾಕುವುದನ್ನು ನಿಷೇಧಿಸಿತ್ತು. ಸದಸ್ಯರು ಅರಸನ ಕೋಪಕ್ಕೆ ಅಂಜದೆ ಮಾತನಾಡಲು ಗೋಪ್ಯತೆ ಬೇಕು ಎಂಬ ಕಾರಣದಿಂದ ಹುಟ್ಟಿದ ರೂಢಿ, ಕಾಲಕ್ರಮದಲ್ಲಿ ಪ್ರಜೆಗಳನ್ನೇ ದೂರವಿಡುವ ಗೋಡೆಯಾಯಿತು. ಅಮೆರಿಕದ ವಸಾಹತುಗಳು ಈ ರೂಢಿಯನ್ನು ತಾಯ್ನಾಡಿನಿಂದಲೇ ತಂದುಕೊಂಡವು.

ಆದರೆ ಮ್ಯಾಸಚೂಸೆಟ್ಸಿನಲ್ಲಿ ಇದಕ್ಕೆ ಎದುರಾದ ಇನ್ನೊಂದು ರೂಢಿಯೂ ಇತ್ತು. ಅಲ್ಲಿನ ಊರುಗಳ ಜನರು ಊರಸಭೆಯಲ್ಲಿ ಸೇರಿ, ತಾವು ಆರಿಸಿದ ಪ್ರತಿನಿಧಿಗೆ ಲಿಖಿತ ಸೂಚನೆಗಳನ್ನು ಕೊಟ್ಟು ಕಳುಹಿಸುತ್ತಿದ್ದರು. 1764ರಲ್ಲಿ ಬಾಸ್ಟನ್ ನಗರವು ತನ್ನ ಪ್ರತಿನಿಧಿಗಳಿಗೆ ಕೊಟ್ಟ ಸೂಚನೆಗಳನ್ನು ಸ್ಯಾಮ್ಯುಯೆಲ್ ಆ್ಯಡಮ್ಸ್ ಬರೆದಿದ್ದರು. ಬ್ರಿಟಿಷರು ಹೇರಿದ ಸಕ್ಕರೆ ತೆರಿಗೆಯನ್ನು ವಿರೋಧಿಸಬೇಕೆಂಬುದು ಅದರ ಸಾರ. ಸೂಚನೆ ಕೊಟ್ಟವರಿಗೆ ಅದು ಪಾಲನೆಯಾಯಿತೇ ಎಂದು ತಿಳಿಯುವ ದಾರಿಯೂ ಬೇಕಲ್ಲವೇ? 1766ರ ಜೂನ್ ತಿಂಗಳಿನಲ್ಲಿ ಜೇಮ್ಸ್ ಓಟಿಸ್ ಎಂಬ ಸದಸ್ಯರ ಸೂಚನೆಯ ಮೇರೆಗೆ, ಮ್ಯಾಸಚೂಸೆಟ್ಸಿನ ಪ್ರತಿನಿಧಿಸಭೆಯು ಸಾರ್ವಜನಿಕರು ಕುಳಿತು ಕಲಾಪವನ್ನು ಆಲಿಸಲು ಒಂದು ಗ್ಯಾಲರಿಯನ್ನು ಕಟ್ಟಿಸಲು ಒಪ್ಪಿತು. ಕೆಲವೇ ತಿಂಗಳ ಹಿಂದೆ, ಮಾರ್ಚಿನಲ್ಲಿ, ಸ್ಟ್ಯಾಂಪ್ ಕಾಯ್ದೆ ರದ್ದಾಗಿತ್ತು. ತೆರಿಗೆಯ ವಿರುದ್ಧ ಬೀದಿಗಿಳಿದಿದ್ದ ಜನರಿಗೆ ಸಭೆಯ ಬಾಗಿಲೂ ತೆರೆಯಿತು.

ಬಾಗಿಲು ತೆರೆದರೂ, ರಾಜಧಾನಿಗೆ ಬರಲಾಗದ ರೈತನ ಪಾಡೇನು? ಹತ್ತು ವರ್ಷಗಳ ಅನಂತರ ಪೆನ್ಸಿಲ್ವೇನಿಯ ಇದಕ್ಕೆ ಉತ್ತರ ಕೊಟ್ಟಿತು. ಅಲ್ಲಿನ 1776ರ ಸಂವಿಧಾನವು ಸಭ್ಯವಾಗಿ ನಡೆದುಕೊಳ್ಳುವ ಎಲ್ಲರಿಗೂ ಸಭೆಯ ಬಾಗಿಲು ತೆರೆದಿರಬೇಕೆಂದು ವಿಧಿಸಿತು. ಅಧಿವೇಶನ ನಡೆಯುವಾಗ ಕಲಾಪಗಳು ವಾರವಾರವೂ ಅಚ್ಚಾಗಬೇಕು ಎಂದಿತು. ಇವೆರಡಕ್ಕಿಂತ ದಿಟ್ಟವಾದ ವಿಧಿ ಇನ್ನೊಂದಿತ್ತು. ಸಾರ್ವಜನಿಕ ಮಹತ್ವದ ಪ್ರತಿಯೊಂದು ಮಸೂದೆಯನ್ನೂ ಕೊನೆಯ ಚರ್ಚೆಗೆ ಮೊದಲೇ ಮುದ್ರಿಸಿ ಜನರ ಮುಂದಿಡಬೇಕು, ತುರ್ತು ಸಂದರ್ಭಗಳನ್ನು ಬಿಟ್ಟರೆ ಮುಂದಿನ ಅಧಿವೇಶನದವರೆಗೆ ಅದನ್ನು ಕಾಯ್ದೆಯಾಗಿಸಬಾರದು ಎಂಬುದೇ ಆ ವಿಧಿ. ಅಂದರೆ ಮಸೂದೆಯನ್ನು ಓದಿ ಯೋಚಿಸಲು ಜನರಿಗೂ ಬಿಡುವಿರಬೇಕು. ಆ ಸಂವಿಧಾನ ಬಾಳಿದ್ದು 14 ವರ್ಷ ಮಾತ್ರ. ಅದರ ಹಿಂದಿನ ವಿಚಾರ ಮಾತ್ರ ಸಾಯಲಿಲ್ಲ. 2016ರಲ್ಲಿ ಕ್ಯಾಲಿಫೋರ್ನಿಯದ ಮತದಾರರು ಸಂವಿಧಾನ ತಿದ್ದುಪಡಿಯೊಂದನ್ನು ಅಂಗೀಕರಿಸಿ, ಯಾವುದೇ ಮಸೂದೆಯ ಅಂತಿಮ ರೂಪವು ಮತಕ್ಕೆ ಹಾಕುವ 72 ಗಂಟೆಗಳ ಮೊದಲೇ ಅಂತರ್ಜಾಲದಲ್ಲಿ ಪ್ರಕಟವಾಗಿರಬೇಕೆಂದು ಕಟ್ಟುಮಾಡಿದರು. ಪೆನ್ಸಿಲ್ವೇನಿಯದವರು ಒಂದು ಅಧಿವೇಶನದಷ್ಟು ಕಾಲ ಕೇಳಿದ್ದರು. ಕ್ಯಾಲಿಫೋರ್ನಿಯದವರು ಮೂರು ದಿನ ಕೇಳಿದರು. ಬೇಡಿಕೆ ಒಂದೇ.

ಇನ್ನು ಪತ್ರದ ಕಥೆ. ಹೊಸ ಗಣರಾಜ್ಯದ ಮೊದಲ ದಶಕಗಳಲ್ಲಿ, ಮುಖ್ಯವಾಗಿ ದಕ್ಷಿಣ ಮತ್ತು ಪಶ್ಚಿಮದ ರಾಜ್ಯಗಳಿಂದ ಕಾಂಗ್ರೆಸ್ಸಿಗೆ ಆಯ್ಕೆಯಾದವರು ತಮ್ಮ ಕ್ಷೇತ್ರದ ಜನರಿಗೆ ಮುದ್ರಿತ ಸುತ್ತೋಲೆಗಳನ್ನು ಕಳುಹಿಸುತ್ತಿದ್ದರು. ಸದಸ್ಯರಿಗೆ ಅಂಚೆವೆಚ್ಚವಿರಲಿಲ್ಲ. 1797ರಲ್ಲಿ ವರ್ಜೀನಿಯದ ಸ್ಯಾಮ್ಯುಯೆಲ್ ಜೋರ್ಡನ್ ಕ್ಯಾಬೆಲ್ ಎಂಬ ಸದಸ್ಯರ ಸುತ್ತೋಲೆಗಳು ಸರಕಾರವನ್ನು ಟೀಕಿಸಿದವು. ರಿಚ್ಮಂಡಿನ ಒಕ್ಕೂಟ ನ್ಯಾಯಾಲಯದ ಮಹಾಪಂಚರು, ಇಂತಹ ಪತ್ರಗಳು ಸರಕಾರದ ಬಗ್ಗೆ ಜನರಲ್ಲಿ ದುರ್ಭಾವನೆ ಹರಡುವ ಕೃತ್ಯವೆಂದು ದೋಷಾರೋಪ ಮಾಡಿದರು. ಆಗ ಉಪಾಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ತಮ್ಮ ಹೆಸರನ್ನು ಮರೆಮಾಡಿ ಒಂದು ಮನವಿಯನ್ನು ಬರೆದರು. ಆರಿಸಿದವರಿಗೂ ಆರಿಸಲ್ಪಟ್ಟವರಿಗೂ ನಡುವಿನ ಪತ್ರವ್ಯವಹಾರದ ನಡುವೆ ನ್ಯಾಯಾಲಯ ಕೈಹಾಕುವುದು ಪ್ರತಿನಿಧಿ ವ್ಯವಸ್ಥೆಯ ಬುಡಕ್ಕೇ ಪೆಟ್ಟು ಎಂಬುದು ಅದರ ವಾದ. ಆ ಮನವಿ ಸಲ್ಲಿಕೆಯಾದದ್ದು ಒಕ್ಕೂಟದ ಕಾಂಗ್ರೆಸ್ಸಿಗಲ್ಲ, ವರ್ಜೀನಿಯ ರಾಜ್ಯದ ಶಾಸನಸಭೆಗೆ. ಆ ಸಭೆ ಮನವಿಯ ಪಕ್ಷವನ್ನೇ ಎತ್ತಿಹಿಡಿಯಿತು. ನಾವು ಇಂದು ಜಾಹೀರಾತೆಂದು ಎಸೆಯುವ ಕಾಗದಕ್ಕೆ ಒಮ್ಮೆ ಇಷ್ಟು ಬೆಲೆಯಿತ್ತು.

ಈ ಪತ್ರದಲ್ಲಿ ಜಾಹೀರಾತು ಇಲ್ಲವೆಂದು ನಾವು ಹೇಳುವುದಿಲ್ಲ. ಉಚಿತ ಅಂಚೆಯ ದುರುಪಯೋಗ ಎಷ್ಟು ಬೆಳೆಯಿತೆಂದರೆ 1873ರಲ್ಲಿ ಆ ಸವಲತ್ತನ್ನೇ ರದ್ದುಮಾಡಿದರು. ಅದು ಹಂತಹಂತವಾಗಿ ಮರಳಿದ್ದು 1890ರ ದಶಕದಲ್ಲಿ. ಇಂದಿಗೂ ಹಲವು ರಾಜ್ಯಗಳಲ್ಲಿ ಚುನಾವಣೆ ಸಮೀಪಿಸಿದಾಗ ಶಾಸಕರು ಸಾರ್ವಜನಿಕ ಹಣದಿಂದ ಸಾಮೂಹಿಕ ಪತ್ರಗಳನ್ನು ಕಳುಹಿಸುವಂತಿಲ್ಲ. ಮಾಹಿತಿ ಎಲ್ಲಿ ಮುಗಿದು ಮತಯಾಚನೆ ಎಲ್ಲಿ ಮೊದಲಾಗುತ್ತದೆ ಎಂಬ ಜಗಳ ಈ ಪತ್ರದಷ್ಟೇ ಹಳೆಯದು. ಆದುದರಿಂದ ಓದುವವರು ಫೋಟೋಗಳನ್ನು ದಾಟಿ, ಮಸೂದೆಯ ಸಂಖ್ಯೆ, ಅರ್ಜಿಯ ಕೊನೆಯ ದಿನ, ಕಚೇರಿಯ ವಿಳಾಸ ಇವುಗಳತ್ತ ಕಣ್ಣು ಹಾಯಿಸುವುದು ಒಳ್ಳೆಯದು.

ಜನರಿಗೆ ತಿಳಿಸಬೇಕಾದರೆ ಮೊದಲು ಶಾಸಕರಿಗೇ ತಿಳಿದಿರಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಾಜ್ಯ ಶಾಸಕರಲ್ಲಿ ಬಹಳಷ್ಟು ಮಂದಿ ರೈತರು, ವರ್ತಕರು. ಮಸೂದೆ ಬರೆಯಲು ನೆರವಿಲ್ಲದೆ ದೊಡ್ಡ ಕಂಪನಿಗಳ ವಕೀಲರ ಕಡೆಗೆ ನೋಡಬೇಕಾಗಿತ್ತು. 1901ರಲ್ಲಿ ವಿಸ್ಕಾನ್ಸಿನ್ ರಾಜ್ಯವು ಶಾಸಕರಿಗಾಗಿಯೇ ಒಂದು ಮಾಹಿತಿ ಗ್ರಂಥಾಲಯವನ್ನು ತೆರೆದು ಚಾರ್ಲ್ಸ್ ಮೆಕಾರ್ತಿ ಅವರಿಗೆ ಒಪ್ಪಿಸಿತು. ಬೇರೆ ರಾಜ್ಯಗಳಲ್ಲಿ ಇಂಥ ಕಾಯ್ದೆ ಇದೆಯೇ, ಅದರ ಫಲವೇನು ಎಂಬುದನ್ನು ಪಕ್ಷಭೇದವಿಲ್ಲದೆ ತಿಳಿಸುವುದು ಅದರ ಕೆಲಸ. ಇತರ ರಾಜ್ಯಗಳು ಈ ಮಾದರಿಯನ್ನು ಅನುಸರಿಸಿದವು. 1914ರಲ್ಲಿ ಒಕ್ಕೂಟದ ಕಾಂಗ್ರೆಸ್ಸಿಗೂ ಅಂತಹದೇ ಸೇವೆ ಏರ್ಪಟ್ಟಿತು. ನೆಬ್ರಾಸ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1934ರಲ್ಲಿ ಅಲ್ಲಿನ ಮತದಾರರು ಎರಡು ಸದನಗಳ ಬದಲಿಗೆ ಒಂದೇ ಸದನ ಸಾಕೆಂದು ನಿರ್ಧರಿಸಿದರು. 1937ರಲ್ಲಿ ಆ ಸದನ ಮೊದಲ ಬಾರಿಗೆ ಸೇರಿತು. ಅಲ್ಲಿ ಮಸೂದೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಜನರೇ ಎರಡನೆಯ ಸದನ ಎಂಬುದು ಅಲ್ಲಿನವರ ಹೆಮ್ಮೆಯ ಮಾತು.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿದಿತ್ತು. ಶಾಸಕರ "ಜನ" ಎಂದರೆ ಯಾರು? ಕನ್ನಡದಲ್ಲಿ ನಾವು ಸಲೀಸಾಗಿ "ಮತದಾರರು" ಎಂದುಬಿಡುತ್ತೇವೆ. ಕ್ಷೇತ್ರವನ್ನೂ "ಮತಕ್ಷೇತ್ರ" ಎನ್ನುತ್ತೇವೆ. ಮತವಿಲ್ಲದವರಿಗೆ ಆ ಪದದೊಳಗೆ ಸ್ಥಳವಿಲ್ಲ. ಅಮೆರಿಕದ ಕಾನೂನು ಈ ಪ್ರಶ್ನೆಗೆ ನಿಧಾನವಾಗಿ ಬೇರೆಯೇ ಉತ್ತರ ಕೊಟ್ಟಿತು. 1960ರ ದಶಕದ ಆರಂಭದಲ್ಲಿ ಅಲಬಾಮ ರಾಜ್ಯದ ಕ್ಷೇತ್ರಗಳು 1901ರಲ್ಲಿ ಹಂಚಿದಂತೆಯೇ ಇದ್ದವು. 6 ಲಕ್ಷಕ್ಕೂ ಹೆಚ್ಚು ಜನರಿದ್ದ ಜೆಫರ್ಸನ್ ಕೌಂಟಿಗೆ ಒಬ್ಬ ಸೆನೆಟರ್. 15,417 ಜನರಿದ್ದ ಲೌಂಡ್ಸ್ ಕೌಂಟಿಗೂ ಒಬ್ಬರು. 1964ರಲ್ಲಿ ರೆನಾಲ್ಡ್ಸ್ ವಿರುದ್ಧ ಸಿಮ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ರಾಜ್ಯ ಶಾಸನಸಭೆಯ ಎರಡೂ ಸದನಗಳ ಕ್ಷೇತ್ರಗಳನ್ನು ಜನಸಂಖ್ಯೆಯ ಆಧಾರದ ಮೇಲೆ ಸಮನಾಗಿ ಹಂಚಬೇಕೆಂದು ತೀರ್ಪಿತ್ತಿತು. ಜನಸಂಖ್ಯೆ ಎಂದರೆ ಎಲ್ಲ ನಿವಾಸಿಗಳೋ, ಮತದಾರರು ಮಾತ್ರವೋ? ಟೆಕ್ಸಸ್ಸಿನಲ್ಲಿ ಈ ವಾದ ಮತ್ತೆ ಎದ್ದಿತು. 2016ರಲ್ಲಿ ಎವೆನ್‌ವೆಲ್ ವಿರುದ್ಧ ಅಬಟ್ ಮೊಕದ್ದಮೆಯ ತೀರ್ಪು ಬಂತು. ಒಟ್ಟು ಜನಸಂಖ್ಯೆಯನ್ನು ಎಣಿಸಿ ಕ್ಷೇತ್ರ ರಚಿಸಿದ ಟೆಕ್ಸಸ್ಸಿನ ಕ್ರಮವನ್ನು ನ್ಯಾಯಾಧೀಶರೆಲ್ಲರೂ ಎತ್ತಿಹಿಡಿದರು. ಮುಖ್ಯ ಅಭಿಪ್ರಾಯವನ್ನು ಬರೆದ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರು, ಪ್ರತಿನಿಧಿಗಳು ಸೇವೆ ಸಲ್ಲಿಸುವುದು ಮತ ಹಾಕಬಲ್ಲವರಿಗೆ ಮಾತ್ರವಲ್ಲ, ಕ್ಷೇತ್ರದ ಎಲ್ಲ ನಿವಾಸಿಗಳಿಗೂ ಎಂಬುದನ್ನು ಸ್ಪಷ್ಟಪಡಿಸಿದರು. ಮಕ್ಕಳು, ಮತವಿಲ್ಲದ ವಲಸಿಗರು, ಎಲ್ಲರೂ ಆ ಎಣಿಕೆಯಲ್ಲಿ ಸೇರಿದವರೇ. ಜನಗಣತಿಯಲ್ಲಿ ಎಣಿಕೆಯಾದ ನಮ್ಮ ತಲೆಗಳ ಮೇಲೆ ಕ್ಷೇತ್ರದ ಗಡಿ ನಿಂತಿರುವಾಗ, ಆ ಕ್ಷೇತ್ರಕ್ಕೆ ಬರೆದ ಪತ್ರ ನಮಗೂ ಬರೆದದ್ದೇ.

ಇಲ್ಲಿ ನಮ್ಮ ನಾಡಿನ ನೆನಪೊಂದು ಬರುತ್ತದೆ. 50 ವರ್ಷಗಳ ಬ್ರಿಟಿಷ್ ಆಡಳಿತದ ಬಳಿಕ 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, 144 ಮಂದಿ ಭೂಮಾಲೀಕರು ಮತ್ತು ವರ್ತಕರು ಮೈಸೂರಿನಲ್ಲಿ ಸೇರಿದರು. ಸರಕಾರದ ಕ್ರಮಗಳ ಉದ್ದೇಶವನ್ನು ಜನರಿಗೆ ತಿಳಿಸುವುದು, ಜನರ ಕಷ್ಟಗಳನ್ನು ಸರಕಾರ ಕೇಳುವುದು ಸಭೆಯ ಗುರಿ. ದಿವಾನರು ವರ್ಷದ ಆಡಳಿತದ ವರದಿಯನ್ನು ಮುಂದಿಟ್ಟರು. ಕಾಯ್ದೆ ಮಾಡುವ ಅಧಿಕಾರ ಸಭೆಗಿರಲಿಲ್ಲ, ಜನರಿಗೆ ಮತವೂ ಇರಲಿಲ್ಲ. ಸೀಮಿತ ಮತದಾನದ ಚುನಾವಣೆ ಬಂದದ್ದು ಸುಮಾರು ಹತ್ತು ವರ್ಷಗಳ ಮೇಲೆ. ಕಾಯ್ದೆ ಮಾಡಲು ನ್ಯಾಯವಿಧಾಯಕ ಸಭೆ ಏರ್ಪಟ್ಟದ್ದು 1907ರಲ್ಲಿ. ಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನ ದೊರೆತದ್ದು 1923ರಲ್ಲಿ. ಮ್ಯಾಸಚೂಸೆಟ್ಸಿನಲ್ಲಿ ಮತವಿದ್ದವರು ಮಾಹಿತಿಗಾಗಿ ಹೋರಾಡಿದರು. ಮೈಸೂರಿನಲ್ಲಿ ಮಾಹಿತಿ ಮೊದಲು ಬಂತು. ವರ್ಷವರ್ಷವೂ ಕೇಳಿ, ಪ್ರಶ್ನಿಸಿ, ಅರ್ಜಿ ಕೊಟ್ಟ ಮೇಲೆ ಅಧಿಕಾರದ ಪಾಲು ಸ್ವಲ್ಪಸ್ವಲ್ಪವಾಗಿ ಹಿಂಬಾಲಿಸಿತು. ಮತವಿಲ್ಲದೆ ಇಲ್ಲಿ ತೆರಿಗೆ ಕಟ್ಟಿ ಬಾಳುತ್ತಿರುವ ನಮ್ಮವರಿಗೆ ಈ ಎರಡನೆಯ ದಾರಿ ಅಪರಿಚಿತವಲ್ಲ.

ಹಾಗಾದರೆ ಇಂದು ಆ ಪತ್ರವನ್ನು ಬಳಸುವುದು ಹೇಗೆ? ಮೊದಲಿಗೆ ಯಾವ ಕೆಲಸ ಯಾರದೆಂದು ತಿಳಿದಿರಬೇಕು. ವೀಸಾ, ಪಾಸ್‌ಪೋರ್ಟ್, ಸೋಷಿಯಲ್ ಸೆಕ್ಯೂರಿಟಿ ಇವು ಒಕ್ಕೂಟದ ವಿಷಯಗಳು. ಅವಕ್ಕೆ ಕಾಂಗ್ರೆಸ್ ಸದಸ್ಯರ ಕಚೇರಿಯನ್ನು ಕೇಳಬೇಕು. ವಾಹನ ಚಾಲನಾ ಪರವಾನಗಿ, ನಿರುದ್ಯೋಗ ವಿಮೆ, ವೈದ್ಯರು ಮತ್ತು ದಾದಿಯರ ವೃತ್ತಿ ಪರವಾನಗಿ, ರಾಜ್ಯ ವಿಶ್ವವಿದ್ಯಾಲಯದಲ್ಲಿ ನಿವಾಸಿಗಳ ಶುಲ್ಕ ಇವು ರಾಜ್ಯದ ವಿಷಯಗಳು. ಇವುಗಳಲ್ಲಿ ಯಾವುದಾದರೂ ಅರ್ಜಿ ಇಲಾಖೆಯಲ್ಲಿ ಸಿಕ್ಕಿಕೊಂಡಾಗ ವಿಚಾರಿಸುವುದು ರಾಜ್ಯ ಶಾಸಕರ ಕಚೇರಿಯ ದಿನನಿತ್ಯದ ಕೆಲಸ.

ಶಾಸಕರೆಲ್ಲರೂ ಒಂದೇ ಬಗೆಯವರೂ ಅಲ್ಲ. ನ್ಯೂ ಹ್ಯಾಂಪ್‌ಶೈರಿನ ಕೆಳಮನೆಯಲ್ಲಿ 400 ಸದಸ್ಯರಿದ್ದಾರೆ. ಅವರಿಗೆ ಎರಡು ವರ್ಷಕ್ಕೆ ಸಲ್ಲುವ ಸಂಬಳ 200 ಡಾಲರ್; 1889ರಿಂದ ಅದು ಬದಲಾಗಿಲ್ಲ. ಅಲ್ಲಿ ಶಾಸಕರು ಪಕ್ಕದ ಬೀದಿಯವರೇ ಆಗಿರಬಹುದು. ಕ್ಯಾಲಿಫೋರ್ನಿಯದ ಸೆನೆಟ್ಟಿನಲ್ಲಿರುವವರು 40 ಮಂದಿ. ಒಬ್ಬೊಬ್ಬರೂ ಸುಮಾರು 10 ಲಕ್ಷ ಜನರನ್ನು ಪ್ರತಿನಿಧಿಸುತ್ತಾರೆ. ಅಲ್ಲಿ ಪತ್ರ ಮತ್ತು ಕಚೇರಿಯ ಸಿಬ್ಬಂದಿಯೇ ಸೇತುವೆ. ಟೆಕ್ಸಸ್ಸಿನ ಶಾಸನಸಭೆ ಬೆಸಸಂಖ್ಯೆಯ ವರ್ಷಗಳಲ್ಲಿ ಮಾತ್ರ, 140 ದಿನ, ನಿಯತವಾಗಿ ಸೇರುತ್ತದೆ. ಅಲ್ಲಿರುವವರು ಮಸೂದೆಯ ಬಗ್ಗೆ ಹೇಳಬೇಕಾದದ್ದನ್ನು ಆ ಕೆಲವು ತಿಂಗಳಿನಲ್ಲೇ ಹೇಳಬೇಕು.

ಮಿತಿಗಳನ್ನೂ ಮರೆಯಬಾರದು. ರಾಜ್ಯ ಶಾಸಕರ ಚುನಾವಣೆಯಲ್ಲಿ ಮತ ಹಾಕುವುದು ಅಮೆರಿಕದ ಪೌರರಿಗೆ ಮಾತ್ರ ಸಲ್ಲುತ್ತದೆ. ವೀಸಾದ ಮೇಲಿರುವವರು ಚುನಾವಣಾ ದೇಣಿಗೆಯನ್ನೂ ಕೊಡುವಂತಿಲ್ಲ. ಆದರೆ ಪತ್ರ ಬರೆಯಲು, ಸಭೆಗೆ ಹೋಗಿ ಪ್ರಶ್ನೆ ಕೇಳಲು, ನೆರವು ಕೋರಲು ಪೌರತ್ವದ ಅಗತ್ಯವಿಲ್ಲ.

ನಮ್ಮಂತಹ ಕನ್ನಡ ಸಂಘಗಳಿಗೂ ಇದರಲ್ಲಿ ಒಂದು ಪಾಲಿದೆ. ಮಕ್ಕಳ ಜೊತೆ ವಾಸಿಸಲು ಬಂದಿರುವ ಹಿರಿಯರಲ್ಲಿ ಅನೇಕರು ಇಂಗ್ಲಿಷಿನ ಸರಕಾರಿ ಭಾಷೆಯನ್ನು ಸುಲಭವಾಗಿ ಓದಲಾರರು. ಅವರಿಗೆ ಸಲ್ಲಬಹುದಾದ ಸವಲತ್ತುಗಳ ಸುದ್ದಿಯೇ ಪತ್ರದಲ್ಲಿ ಹೆಚ್ಚಾಗಿ ಇರುತ್ತದೆ. ಅಧಿವೇಶನ ಮುಗಿದಾಗ ಅಂತಹ ವಿವರಗಳನ್ನು ಅರ್ಧ ಪುಟದಲ್ಲಿ ಕನ್ನಡಕ್ಕೆ ತಂದು ಹಂಚುವುದು ಯಾವ ಸಂಘಕ್ಕೂ ಭಾರವಾಗದು. ರಂಗಾಚಾರ್ಲು ಅವರ ಸಭೆಗೆ ಬಂದ ಪ್ರತಿನಿಧಿಗಳು ಊರಿಗೆ ಮರಳಿ ಮಾಡಬೇಕೆಂದು ನಿರೀಕ್ಷಿಸಿದ್ದೂ ಇಷ್ಟನ್ನೇ: ಕೇಳಿದ್ದನ್ನು ನೆರೆಯವರಿಗೆ ಅವರ ಮಾತಿನಲ್ಲಿ ತಿಳಿಸುವುದು, ಅವರು ಹೇಳಿದ್ದನ್ನು ಮುಂದಿನ ಸಭೆಗೆ ಒಯ್ಯುವುದು.