ಹೆರಿಗೆ ರಜೆಯಲ್ಲಿದ್ದವರನ್ನು ಕೆಲಸದಿಂದ ತೆಗೆಯಬಹುದೇ? ನೌಕರರು, ಅಂಗಡಿ ಮಾಲಕರು ತಿಳಿದಿರಬೇಕಾದ್ದು

ಪುತ್ತೂರು/ಸುಳ್ಯ/ಕಡಬ: "ಈಗ ಒಂದು ರಾಜೀನಾಮೆ ಬರೆದು ಕೊಡು, ಮಗು ಆದ ಮೇಲೆ ನೋಡುವ." ಜವಳಿ ಅಂಗಡಿ, ಕ್ಲಿನಿಕ್, ಗೇರುಬೀಜ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಇಂಥ ಮಾತು ಹೊಸತಲ್ಲ. ಸಹಿ ಹಾಕುವ ಮೊದಲು ಕಾನೂನು ಏನು ಹೇಳುತ್ತದೆ ಎಂದು ತಿಳಿದಿರುವುದು ಒಳ್ಳೆಯದು. ಮಾಲಕರಿಗೂ ಇದು ಗೊತ್ತಿರಬೇಕು.

ಯಾವ ಕಾನೂನು?

1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ ನಿಯಮಗಳು ಈಗ ಸಾಮಾಜಿಕ ಭದ್ರತಾ ಸಂಹಿತೆ 2020ರಲ್ಲಿ ಸೇರಿವೆ. ಈ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ.

ಯಾರಿಗೆ ಅನ್ವಯ?

ಕಾರ್ಖಾನೆ ಮತ್ತು ತೋಟಗಳಿಗೆ (ನಮ್ಮ ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದಂಥವು) ಮತ್ತು 10 ಅಥವಾ ಹೆಚ್ಚು ನೌಕರರಿರುವ ಅಂಗಡಿ, ಸಂಸ್ಥೆಗಳಿಗೆ ಇದು ಅನ್ವಯ. ಅಂಗಡಿಯವರು ಒಂದು ವಿಷಯ ಗಮನಿಸಬೇಕು: ಹಿಂದಿನ 12 ತಿಂಗಳಲ್ಲಿ ಯಾವುದಾದರೂ ಒಂದು ದಿನ 10 ಜನ ಕೆಲಸಕ್ಕಿದ್ದರೂ ಸಾಕು. ದೀಪಾವಳಿ ಸಮಯಕ್ಕೆ ತೆಗೆದುಕೊಂಡ ಹೆಚ್ಚುವರಿ ಜನರೂ ಲೆಕ್ಕಕ್ಕೆ ಬರುತ್ತಾರೆ.

ಹೆರಿಗೆಯ ನಿರೀಕ್ಷಿತ ದಿನಕ್ಕಿಂತ ಹಿಂದಿನ 12 ತಿಂಗಳಲ್ಲಿ ಮಹಿಳೆ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ದಿನಗೂಲಿಯವರಿಗೂ ಈ ಹಕ್ಕು ಉಂಟು ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ದೆಹಲಿ ನಗರಪಾಲಿಕೆಯ ಪ್ರಕರಣದಲ್ಲಿ ಹೇಳಿದೆ.

ಎಷ್ಟು ರಜೆ, ಎಷ್ಟು ಹಣ?

ಮೊದಲ ಎರಡು ಮಕ್ಕಳಿಗೆ 26 ವಾರ. ಇದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಮೂರನೆಯ ಮಗುವಿಗೆ 12 ವಾರ. ಗರ್ಭಪಾತ ಆದರೆ 6 ವಾರ. ಹಿಂದಿನ ಮೂರು ತಿಂಗಳ ಸರಾಸರಿ ದಿನಗೂಲಿಯ ಲೆಕ್ಕದಲ್ಲಿ ಹಣ ಕೊಡಬೇಕು. ವಾರ ಎಂದರೆ ಭಾನುವಾರವೂ ಸೇರಿ 7 ದಿನ. ತೋಟ ಕಾರ್ಮಿಕರೊಬ್ಬರ ಪ್ರಕರಣದಲ್ಲಿ 1977ರಲ್ಲೇ ಸುಪ್ರೀಂ ಕೋರ್ಟ್ ಹೀಗೆ ತೀರ್ಪು ನೀಡಿದೆ. ದಿನಕ್ಕೆ 450 ರೂ. ದುಡಿಯುವವರಿಗೆ 182 ದಿನಕ್ಕೆ 81,900 ರೂ. ಆಗುತ್ತದೆ.

ಕೆಲಸಕ್ಕೆ ರಕ್ಷಣೆ ಹೇಗೆ?

ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು, ರಜೆ ಮುಗಿಯುವ ಮೊದಲೇ ಅವಧಿ ಮುಗಿಯುವಂತೆ ನೋಟಿಸ್ ಕೊಡುವುದು ಕಾನೂನುಬಾಹಿರ. ಸಂಬಳ, ಹುದ್ದೆ, ಕೆಲಸದ ಷರತ್ತನ್ನು ಅವರಿಗೆ ನಷ್ಟವಾಗುವಂತೆ ಬದಲಾಯಿಸುವಂತೆಯೂ ಇಲ್ಲ. ಬಸುರಿ ಎಂದು ಗೊತ್ತಾದ ಮೇಲೆ ತೆಗೆದುಹಾಕಿದರೂ ಹೆರಿಗೆ ಸೌಲಭ್ಯದ ಹಣ ತಪ್ಪುವುದಿಲ್ಲ. ಗಂಭೀರ ದುರ್ನಡತೆಗಾಗಿ ತೆಗೆದರೆ ಮಾತ್ರ ಲಿಖಿತ ಆದೇಶ ಕೊಟ್ಟು ಸೌಲಭ್ಯ ತಡೆಯಬಹುದು. ಅದರ ವಿರುದ್ಧವೂ 60 ದಿನದೊಳಗೆ ಮೇಲ್ಮನವಿಗೆ ಅವಕಾಶ ಉಂಟು.

ಗುತ್ತಿಗೆ ನೌಕರಿ ಎಂಬ ನೆಪವೂ ನಡೆಯುವುದಿಲ್ಲ. ಪುರಸಭೆಯೊಂದರಲ್ಲಿ ಗುತ್ತಿಗೆ ಮೇಲಿದ್ದ ಮಹಿಳೆಯನ್ನು ಹೆರಿಗೆ ರಜೆಯ ಸಮಯದಲ್ಲಿ ತೆಗೆದುಹಾಕಿದ ಪ್ರಕರಣದಲ್ಲಿ, ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡು ಹಿಂಬಾಕಿ ಸಂಬಳದ ಅರ್ಧ ಕೊಡುವಂತೆ ಕರ್ನಾಟಕ ಹೈಕೋರ್ಟ್ 2021ರಲ್ಲಿ ಆದೇಶಿಸಿದೆ.

ಆದರೆ ತಾನಾಗಿ ಬರೆದುಕೊಟ್ಟ ರಾಜೀನಾಮೆ ಕೈಯಲ್ಲಿದ್ದರೆ "ನಾವು ತೆಗೆದದ್ದಲ್ಲ, ಅವರೇ ಬಿಟ್ಟದ್ದು" ಎಂದು ಮಾಲಕರು ವಾದಿಸಬಹುದು. ಹಾಗಾಗಿ ರಾಜೀನಾಮೆ ಬೇಡ, ರಜೆ ಅರ್ಜಿ ಕೊಡಿ. ಯಾವ ದಿನದಿಂದ ರಜೆ ಎಂದು ಬರೆದು, ತಾಯಿ ಕಾರ್ಡ್ ಅಥವಾ ವೈದ್ಯರ ಚೀಟಿಯ ಪ್ರತಿ ಲಗತ್ತಿಸಿ, ಒಂದು ಪ್ರತಿಗೆ ಸಹಿ ಮಾಡಿಸಿಕೊಳ್ಳಿ. ಸಹಿ ಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ಅರ್ಜಿಯನ್ನು ಹೆರಿಗೆಯ ನಂತರ ಕೊಟ್ಟರೂ ನಡೆಯುತ್ತದೆ. ಒಂದು ಎಚ್ಚರಿಕೆ: ಸಂಬಳದ ರಜೆಯಲ್ಲಿ ಬೇರೆ ಕಡೆ ದುಡಿದರೆ ಆ ದಿನಗಳ ಹಣ ಹೋಗುತ್ತದೆ.

ಮಾಲಕರಿಗೆ ಹೊರೆಯೇ?

ಸಿಬ್ಬಂದಿಗೆ ಇಎಸ್‌ಐ ಇದ್ದರೆ ರಜೆಯ ಹಣ ಇಎಸ್‌ಐ ನಿಗಮದಿಂದಲೇ ಬರುತ್ತದೆ, ಮಾಲಕರು ಕೈಯಿಂದ ಹಾಕಲಿಕ್ಕಿಲ್ಲ. ತಿಂಗಳಿಗೆ 21,000 ರೂ.ವರೆಗಿನ ಸಂಬಳದವರು ಇದರಲ್ಲಿ ಬರುತ್ತಾರೆ. 12,000 ರೂ. ಸಂಬಳಕ್ಕೆ ಮಾಲಕರ ಪಾಲು 3.25 ಶೇಕಡಾ, ಅಂದರೆ 390 ರೂ. ನೌಕರರ ಪಾಲು 90 ರೂ. ಬದಲಿ ಜನ ಇಟ್ಟುಕೊಳ್ಳುವುದಾದರೆ "ಇಂಥವರ ಹೆರಿಗೆ ರಜೆ ಮುಗಿಯುವವರೆಗೆ ಮಾತ್ರ" ಎಂದು ಪತ್ರದಲ್ಲೇ ಬರೆದರೆ ಮುಂದೆ ತಕರಾರು ಇಲ್ಲ.

10ಕ್ಕಿಂತ ಕಡಿಮೆ ಜನ ಇದ್ದರೆ?

ಈ ನಿಯಮದ ಕಡ್ಡಾಯ ಇಲ್ಲ. ಆದರೆ ಅಂಗನವಾಡಿ ಮೂಲಕ ಮಾತೃವಂದನಾ ಯೋಜನೆಗೆ ಅರ್ಜಿ ಹಾಕಬಹುದು. ಮೊದಲ ಮಗುವಿಗೆ 5,000 ರೂ., ಎರಡನೆಯದು ಹೆಣ್ಣಾದರೆ 6,000 ರೂ. ಅಪ್ಪಂದಿರ ರಜೆಗೆ ಖಾಸಗಿಯಲ್ಲಿ ಕಾನೂನು ಇನ್ನೂ ಬಂದಿಲ್ಲ. ರಾಜ್ಯ ಸರಕಾರಿ ನೌಕರರಿಗೆ 15 ದಿನ ಉಂಟು.

ದೂರು ಎಲ್ಲಿ?

ಕಾರ್ಮಿಕ ಇಲಾಖೆಯ ಅಧಿಕಾರಿಗೆ ಲಿಖಿತ ದೂರು ಕೊಡಿ. ಹಾಜರಿ ಪುಸ್ತಕದ ಫೋಟೋ, ಸಂಬಳ ಜಮೆಯಾದ ಪಾಸ್‌ಬುಕ್ ಪುಟ, ವಾಟ್ಸ್ಆ್ಯಪ್ ಸಂದೇಶ ಎಲ್ಲವೂ ಸಾಕ್ಷಿಯೇ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಪುತ್ತೂರು, ಸುಳ್ಯ ನ್ಯಾಯಾಲಯಗಳಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಕಡಬದವರು ಹತ್ತಿರ ಆಗುವಲ್ಲಿಗೆ ಹೋಗಬಹುದು. ಸಹಾಯವಾಣಿ: 15100. 60 ದಿನದ ಗಡುವು ಮಾತ್ರ ಮರೆಯಬೇಡಿ. ಬಾಣಂತನದ ಗಡಿಬಿಡಿಯಲ್ಲಿ ಅದು ಬೇಗ ಕಳೆದುಹೋಗುತ್ತದೆ, ಮನೆಯವರು ಯಾರಾದರೂ ನೆನಪಿಟ್ಟುಕೊಳ್ಳಲಿ.