ತುಂಗಭದ್ರೆಯ ಬದಿಯಲ್ಲಿ ಔಷಧ ವೃತ್ತಿ: ಕಂಪೌಂಡರ್ ಕಾಲದಿಂದ ಎಕ್ಸಿಟ್ ಪರೀಕ್ಷೆಯವರೆಗೆ

ಚೀಟಿ ಬರೆಯುವವರು ಒಬ್ಬರು, ಔಷಧ ಕೊಡುವವರು ಇನ್ನೊಬ್ಬರು ಎಂಬ ಏರ್ಪಾಡು ನಮ್ಮ ಸೀಮೆಗೆ ಅಷ್ಟು ಹಳೆಯದಲ್ಲ. ನಾಟಿ ವೈದ್ಯರು ಬೇರು ತಂದು, ಅರೆದು, ತಾವೇ ಕುಡಿಸುತ್ತಿದ್ದರು. ಈ ಎರಡು ಕೆಲಸಗಳನ್ನು ಬೇರ್ಪಡಿಸಿದ್ದು ಬ್ರಿಟಿಷರ ಕಾಲದ ದವಾಖಾನೆ. ಆಗ ಹೊಸಪೇಟೆ, ಹಂಪಿ, ಕಂಪ್ಲಿಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಘೋರ್ಪಡೆಯವರ ಸಂಡೂರು ಮಾತ್ರ 1949ರವರೆಗೆ ಪ್ರತ್ಯೇಕ ಸಂಸ್ಥಾನ.

ದವಾಖಾನೆಯ ಒಳಕೋಣೆ ಕಂಪೌಂಡರನದು. ದ್ರವ ಬೆರೆಸಿ ಸೀಸೆಗೆ ಸುರಿದು, ಅದರ ಮೈಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ಇಳಿದರೆ ಒಂದು ಹೊತ್ತಿನ ಔಷಧ. ಅಕ್ಷರ ಬಾರದವರಿಗೂ ಲೆಕ್ಕ ತಪ್ಪುತ್ತಿರಲಿಲ್ಲ. ಇಂದಿನ ಸ್ಟ್ರಿಪ್ಪಿನ ಬೆನ್ನ ಮೇಲಿರುವ ಇರುವೆಯಂಥ ಇಂಗ್ಲಿಷ್ ಅಕ್ಷರಗಳಿಗಿಂತ ಆ ಪಟ್ಟಿಯೇ ವಾಸಿಯಿತ್ತು ಎನ್ನಿಸುವುದುಂಟು. ಆದರೆ ಅವನ ವಿದ್ಯೆಯೆಲ್ಲ ಹೆಚ್ಚಾಗಿ ನೋಡಿ ಕಲಿತದ್ದು, ತಪ್ಪಿದರೆ ಕೇಳುವವರಿರಲಿಲ್ಲ.

ಕೇಳುವವರು ಹುಟ್ಟಿಕೊಂಡದ್ದು ಮೆಲ್ಲಗೆ. ಕರ್ನಲ್ ಆರ್.ಎನ್. ಚೋಪ್ರಾ ನೇತೃತ್ವದ ಔಷಧ ವಿಚಾರಣಾ ಸಮಿತಿ 1930-31ರಲ್ಲಿ ದೇಶದ ಔಷಧ ವ್ಯಾಪಾರವನ್ನು ಜಾಲಾಡಿತು. 1932ರಲ್ಲಿ ಮಹಾದೇವಲಾಲ್ ಶ್ರಾಫ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿಯ ಪಾಠ ಶುರುಮಾಡಿದರು. 1940ರಲ್ಲಿ ಔಷಧ ಕಾಯ್ದೆ, 1948ರಲ್ಲಿ ಫಾರ್ಮಸಿ ಕಾಯ್ದೆ ಬಂದವು. ಕಾಯ್ದೆ ಹಳಬರ ಹೊಟ್ಟೆಯ ಮೇಲೆ ಹೊಡೆಯಲಿಲ್ಲ: 5 ವರ್ಷ ಔಷಧ ಬೆರೆಸಿದ ಅನುಭವವಿದ್ದವರಿಗೂ ಮೊದಲ ನೋಂದಣಿಯಲ್ಲಿ ಜಾಗ ಸಿಕ್ಕಿತು. ಮುಂದೆ ಕಾರ್ಖಾನೆಯ ಗುಳಿಗೆಗಳು ಬಂದು ಬೆರೆಸುವ ಕೆಲಸವೇ ತೀರಿತು; ಕಾಪಿಡುವುದು, ಪರೀಕ್ಷಿಸಿ ಕೊಡುವುದು, ತಿಳಿಹೇಳುವುದು ಉಳಿಯಿತು.

1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1964ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಫಾರ್ಮಸಿ ಕಾಲೇಜು ತೆರೆಯಿತು. ನಮ್ಮವರಿಗೆ ಓದು ಹತ್ತಿರವಾದದ್ದು ವೀರಶೈವ ವಿದ್ಯಾವರ್ಧಕ ಸಂಘ ಬಳ್ಳಾರಿಯಲ್ಲಿ ತೋಗರಿ ವೀರಮಲ್ಲಪ್ಪ ಸ್ಮಾರಕ ಕಾಲೇಜು ಸ್ಥಾಪಿಸಿದ ಮೇಲೆ.

ಈಗಿನ ದಾರಿಗಳು ಮುಖ್ಯವಾಗಿ ಮೂರು. ವಿಜ್ಞಾನದಲ್ಲಿ ಪಿಯುಸಿ ಮುಗಿಸಿದವರು 2 ವರ್ಷದ ಡಿ.ಫಾರ್ಮ್ ಸೇರಬಹುದು. ಅದರ ಜೊತೆಗೆ 500 ಗಂಟೆಗಳ ತರಬೇತಿ. 1991ರ ನಿಯಮಾವಳಿ ಅದರಲ್ಲಿ 250 ಗಂಟೆಯಾದರೂ ಚೀಟಿ ನೋಡಿ ಔಷಧ ಕೊಡುವುದರಲ್ಲೇ ಕಳೆಯಬೇಕೆಂದಿತು. ಈ ತರಬೇತಿಯನ್ನು ಹಲವರು ಸಹಿ ಹಾಕಿಸಿಕೊಳ್ಳುವ ಶಾಸ್ತ್ರ ಮಾಡಿಕೊಂಡಿದ್ದಾರೆ. ಮುಂದೆ ಕೌಂಟರಿನಲ್ಲಿ ತಡವರಿಸುವವರೂ ಅವರೇ. 2022ರ ನಿಯಮದಂತೆ ಡಿಪ್ಲೊಮಾದವರಿಗೆ ನೋಂದಣಿಗೆ ಮೊದಲು ಎಕ್ಸಿಟ್ ಪರೀಕ್ಷೆಯೂ ಉಂಟು. 4 ವರ್ಷದ ಬಿ.ಫಾರ್ಮ್‌ಗೆ ಸಿಇಟಿ ಬರೆಯಬೇಕು, ಡಿ.ಫಾರ್ಮ್ ಆದವರು ನೇರ ಎರಡನೇ ವರ್ಷಕ್ಕೆ ಹೋಗಬಹುದು. 2008ರಲ್ಲಿ ಬಂದ ಫಾರ್ಮ್.ಡಿ 6 ವರ್ಷದ್ದು, ಆಸ್ಪತ್ರೆಯ ವಾರ್ಡಿನಲ್ಲಿ ವೈದ್ಯರ ಜೊತೆ ನಿಲ್ಲುವವರಿಗಾಗಿ.

ಈ ಭಾಗದ ಹುಡುಗ ಹುಡುಗಿಯರ ಕೈಯಲ್ಲಿ ಇನ್ನೊಂದು ಬಲವಿದೆ. ಅದು ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ. ಹೊಸಪೇಟೆ ಈಗ ವಿಜಯನಗರ ಜಿಲ್ಲೆ, ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆ. ಎರಡೂ ಕಲ್ಯಾಣ ಕರ್ನಾಟಕವೇ. ಇಲ್ಲಿನ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು, ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಮೀಸಲು. ಸರ್ಕಾರಿ ಆಸ್ಪತ್ರೆಯ ಫಾರ್ಮಸಿಸ್ಟ್ ಹುದ್ದೆ ಗ್ರೂಪ್ ಸಿಗೆ ಸೇರಿದ್ದು. ಆದರೆ ಅಧಿಸೂಚನೆ ಬಂದ ಮೇಲೆ 371ಜೆ ಪ್ರಮಾಣಪತ್ರಕ್ಕೆ ಓಡಾಡುವವರೇ ಹೆಚ್ಚು.

ಕೆಲಸದ ಬಗೆ ಊರಿಗೊಂದು ಥರ. ಹೊಸಪೇಟೆಯಲ್ಲಿ ಖಾಸಗಿ ಆಸ್ಪತ್ರೆ, ಸಗಟು ವ್ಯಾಪಾರ, ಜನೌಷಧಿ ಮಳಿಗೆ. ಸಂಡೂರು ತಾಲ್ಲೂಕಿನಲ್ಲಿ ದೋಣಿಮಲೈ ಗಣಿಯ ಆಸ್ಪತ್ರೆ, ತೋರಣಗಲ್ಲಿನ ಉಕ್ಕು ಕಾರ್ಖಾನೆಯ ಸಂಜೀವಿನಿ ಆಸ್ಪತ್ರೆ. ಹಂಪಿಯಲ್ಲಿ ವಿದೇಶಿ ಪ್ರವಾಸಿ ಬ್ರ್ಯಾಂಡಿನ ಬದಲು ಮೂಲ ಔಷಧದ ಹೆಸರು ಹೇಳಿ ಕೇಳುತ್ತಾನೆ. ಓದಿದವನಿಗೆ ಮಾತ್ರ ಅದು ತಿಳಿದೀತು. ಭತ್ತದ ಸೀಮೆಯಾದ ಕಂಪ್ಲಿಯಲ್ಲಿ ಸ್ವಂತ ಅಂಗಡಿ ಇಡುವವನಿಗೆ ಕನಿಷ್ಠ 10 ಚದರ ಮೀಟರ್ ಜಾಗ, ಲೈಸೆನ್ಸ್ ಬೇಕು. ಸುಗ್ಗಿಯವರೆಗೆ ಉದ್ರಿ ತಡೆದುಕೊಳ್ಳುವ ಗಂಟೂ ಬೇಕು. ನಮ್ಮ ಬೇಸಿಗೆಯಲ್ಲಿ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಕರೆಂಟು ಹೋದರೂ ಇರಬೇಕು.

ಇನ್ನು ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಡದ ರೋಗ: ಸರ್ಟಿಫಿಕೇಟ್ ಬಾಡಿಗೆ. ಗೋಡೆಯ ಮೇಲೆ ಒಬ್ಬರ ಫೋಟೊ, ಕೌಂಟರಿನಲ್ಲಿ ಇನ್ನೊಬ್ಬ ಹುಡುಗ. ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ಚೀಟಿಯ ಔಷಧ ಕೊಡುವುದನ್ನು ಫಾರ್ಮಸಿ ಕಾಯ್ದೆಯ 42ನೇ ಕಲಂ ನಿಷೇಧಿಸಿದೆ. ಕೆಲವು ಆಂಟಿಬಯಾಟಿಕ್‌ಗಳ, ಕ್ಷಯದ ಔಷಧಗಳ ಶೆಡ್ಯೂಲ್ ಎಚ್1 ರಿಜಿಸ್ಟರಿನಲ್ಲಿ ರೋಗಿ, ವೈದ್ಯ, ಪ್ರಮಾಣ ಬರೆದು 3 ವರ್ಷ ಇಡಬೇಕು. ತಿಂಗಳ ಬಾಡಿಗೆ ಎಣಿಸಿಕೊಳ್ಳುವವನು ತನ್ನ ವೃತ್ತಿಯ ಸಂಬಳವನ್ನು ತಾನೇ ಇಳಿಸುತ್ತಿದ್ದಾನೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ಅನುಮಾನ ಹೋದದ್ದು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಯಾವ ಬ್ಯಾಚು, ಯಾವಾಗ ಬಂತು, ಯಾರಿಗೆ ಹೋಯಿತು ಎಂಬ ಪ್ರಶ್ನೆಗಳಿಗೆ ಉತ್ತರವಿರುವುದು ಫಾರ್ಮಸಿಸ್ಟ್ ಬರೆದಿಡುವ ಔಷಧ ಉಗ್ರಾಣದ ಪುಸ್ತಕದಲ್ಲಿ.

ಈ ವರ್ಷ ಸೇರಬೇಕೆನ್ನುವವರು ಫೀಸು ಕಟ್ಟುವ ಮೊದಲು ಕಾಲೇಜಿನ ಹೆಸರು ಭಾರತೀಯ ಫಾರ್ಮಸಿ ಪರಿಷತ್ತಿನ ಮಾನ್ಯತೆಯ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ. ಇಲ್ಲದ ಕಾಲೇಜಿನ ಸರ್ಟಿಫಿಕೇಟಿಗೆ ರಾಜ್ಯ ಪರಿಷತ್ತಿನಲ್ಲಿ ನೋಂದಣಿ ಸಿಗುವುದಿಲ್ಲ.